‘ಕಂಪ್ಯೂಟರ್‌ನಲ್ಲೇ ಹಾಗಿದೆ’ ಅಂದರೆ ಅದೇ ಸತ್ಯವೇ? ಪಹಣಿಯ ಒಂದು ಅಕ್ಷರದ ಕಥೆ

“ಮನುಷ್ಯ ತಪ್ಪು ಮಾಡಬಹುದು, ಕಂಪ್ಯೂಟರ್ ತಪ್ಪು ಮಾಡಲ್ಲ. ಅದರಲ್ಲಿ ಏನಿದೆಯೋ ಅದೇ ಫೈನಲ್.” ಗುಲಾಬಿ ಹೂವು, ಶುಭೋದಯದ ಜೊತೆ ಇಂಥದ್ದೊಂದು ಫಾರ್ವರ್ಡ್ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಬಂದಿತ್ತು. ಮೊದಲು ಉತ್ತರ ಕೊಟ್ಟವರು ಗುಂಡ್ಲುಪೇಟೆ ಕಡೆ ಅರಿಶಿನ ಬೆಳೆಯುವ ನಮ್ಮ ದೊಡ್ಡಪ್ಪ: “ಹಾಗಾದ್ರೆ ನಾನು ಇಲ್ಲವೇ ಇಲ್ಲ ಅಂತಾಯ್ತು.”

ತಮಾಷೆಗೆ ಹೇಳಿದ್ದಲ್ಲ. ಅವರ ಪಹಣಿಯಲ್ಲಿರುವ ಹೆಸರಿಗೂ ಆಧಾರ್‌ನಲ್ಲಿರುವ ಹೆಸರಿಗೂ ಒಂದೇ ಒಂದು ಅಕ್ಷರದ ವ್ಯತ್ಯಾಸ. ಅಷ್ಟಕ್ಕೇ ಒಂದು ಕೌಂಟರ್‌ನಲ್ಲಿ ಅವರಿಗೆ ಸಿಕ್ಕ ಉತ್ತರ, “ಸಿಸ್ಟಮ್‌ನಲ್ಲಿ ಇರೋರು ನೀವಲ್ಲ.” ಎದುರಿಗೆ ಕೂತಿದ್ದವರಿಗೆ ಇವರೇ ಅವರು ಅಂತ ಚೆನ್ನಾಗಿ ಗೊತ್ತಿತ್ತು. ಆದರೂ ಪರದೆಯ ಮಾತೇ ನಡೆಯಿತು.

ಹಾಗಾಗಿ ಈ ಫಾರ್ವರ್ಡನ್ನು ಸ್ವಲ್ಪ ಬಿಡಿಸಿ ನೋಡೋಣ. ಇದು ಪೂರ್ತಿ ಸುಳ್ಳಲ್ಲ, ಅರ್ಧ ನಿಜ. ಅರ್ಧ ನಿಜವಾದ ಫಾರ್ವರ್ಡ್‌ಗಳೇ ಹೆಚ್ಚು ತೊಂದರೆ ಕೊಡೋದು.

ಮೊದಲು, ಕಂಪ್ಯೂಟರ್ ಒಂದು ಹೆಸರನ್ನು ಹೇಗೆ ‘ಓದುತ್ತದೆ’? ಅದು ಓದುವುದೇ ಇಲ್ಲ. ಅದಕ್ಕೆ ಗೊತ್ತಿರುವುದು ಸಂಖ್ಯೆ ಮಾತ್ರ, ಅದೂ 0 ಮತ್ತು 1 ಎರಡೇ. ಜಗತ್ತಿನ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಟ್ಟಿರುವ ಪದ್ಧತಿಗೆ ಯೂನಿಕೋಡ್ ಅನ್ನುತ್ತಾರೆ. ಅದರಲ್ಲಿ ಕನ್ನಡದ ‘ದ’ ಅಕ್ಷರದ ಸಂಖ್ಯೆ 3238, ‘ಧ’ ಅಕ್ಷರದ್ದು 3239. ಇವನ್ನು ಸೊನ್ನೆ ಒಂದುಗಳಲ್ಲಿ ಬರೆದರೆ 110010100110 ಮತ್ತು 110010100111. ಕೊನೆಯ ಅಂಕಿ ಬಿಟ್ಟರೆ ಎಲ್ಲವೂ ಒಂದೇ. ನಮ್ಮ ಕಡೆ ಮಾತಿನಲ್ಲಿ ‘ಸಿದ್ದಪ್ಪ’, ‘ಸಿದ್ಧಪ್ಪ’ ಬೇರೆ ಬೇರೆಯಾಗಿ ಕೇಳಿಸುವುದೇ ಇಲ್ಲ. ಊರಿಗೆ ಅವರು ಒಬ್ಬರೇ. ಕಂಪ್ಯೂಟರ್‌ಗೆ ಮಾತ್ರ ಇಬ್ಬರು. ಅದು ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ಸಮವೋ ಅಲ್ಲವೋ ಎಂದು ನೋಡುತ್ತದೆ. ಸಮವಲ್ಲದಿದ್ದರೆ ‘ಇಲ್ಲ’ ಅನ್ನುತ್ತದೆ. ಲೆಕ್ಕದಲ್ಲಿ ಅದರದ್ದು ತಪ್ಪೇ ಇಲ್ಲ.

ಚಾಮರಾಜನಗರ ಜಿಲ್ಲೆಯಲ್ಲಿ ಇದು ಇನ್ನೂ ದೊಡ್ಡ ತಲೆನೋವು. ಮಲೆ ಮಹದೇಶ್ವರನ ಸೀಮೆ ಇದು. ಮಾದಪ್ಪ, ಮಾದೇವಪ್ಪ, ಮಹದೇವಪ್ಪ, ಮಹಾದೇವಪ್ಪ ಎಲ್ಲವೂ ಒಬ್ಬನೇ ಮನುಷ್ಯನ ಹೆಸರಾಗಿರಬಹುದು: ಮನೆಯಲ್ಲಿ ಒಂದು, ಶಾಲೆಯಲ್ಲಿ ಒಂದು, ಪಹಣಿಯಲ್ಲಿ ಇನ್ನೊಂದು. ಸಾಲದ್ದಕ್ಕೆ ಕನ್ನಡ ಟೈಪಿಂಗ್‌ನಲ್ಲಿ ಕಣ್ಣಿಗೆ ಕಾಣದ ಒಂದು ಚಿಹ್ನೆಯೂ ಇದೆ. ಒತ್ತಕ್ಷರ ಆಗದಂತೆ ತಡೆಯಲು ಬಳಸುವ ಅದರ ಸಂಖ್ಯೆ 8204. ಅದು ಹೆಸರಿನ ಕೊನೆಯಲ್ಲಿ ಉಳಿದುಬಿಟ್ಟರೆ, ಪರದೆ ಮೇಲೆ ಎರಡೂ ಹೆಸರು ತದ್ರೂಪ ಕಂಡರೂ ಹೊಂದಾಣಿಕೆ ಆಗದೇ ಇರಬಹುದು.

“ಹಾಗಾದ್ರೆ ಹತ್ತಿರದ ಹೆಸರುಗಳನ್ನೆಲ್ಲ ಒಂದೇ ಅಂತ ಒಪ್ಪಿಕೊಳ್ಳೋ ಹಾಗೆ ಮಾಡಿದ್ರಾಯ್ತು” ಎಂದು ನಮ್ಮ ಅಣ್ಣ ಥಟ್ಟನೆ ಹೇಳಿದ. ಅಂಥ ಪ್ರೋಗ್ರಾಂಗಳೂ ಇವೆ, ಎರಡು ಹೆಸರು ಎಷ್ಟು ಹತ್ತಿರ ಎಂದು ಲೆಕ್ಕ ಹಾಕಿ ಅಂಕ ಕೊಡುತ್ತವೆ. ಆದರೆ ಒಂದೇ ಊರಲ್ಲಿ ಇಬ್ಬರು ಮಹದೇವಪ್ಪ ಇದ್ದರೆ? ತಾತನ ಹೆಸರನ್ನೇ ಮೊಮ್ಮಗನಿಗೆ ಇಡುವ ಪದ್ಧತಿ ನಮ್ಮಲ್ಲಿದೆ. ಬಿಗಿ ಮಾಡಿದರೆ ಒಬ್ಬನನ್ನು ಇಬ್ಬರು ಮಾಡುತ್ತದೆ, ಸಡಿಲ ಬಿಟ್ಟರೆ ಇಬ್ಬರನ್ನು ಒಬ್ಬ ಮಾಡುತ್ತದೆ. ಎಷ್ಟು ಬಿಗಿ ಇರಬೇಕು ಎಂದು ನಿರ್ಧರಿಸುವವನು ಮನುಷ್ಯನೇ. ಪರದೆ ಆ ನಿರ್ಧಾರವನ್ನು ನಮಗೆ ತೋರಿಸುವುದಿಲ್ಲ, ಅಷ್ಟೆ.

ಇಷ್ಟು ಹೇಳಿದೆನೆಂದು ಕಂಪ್ಯೂಟರ್ ಬೇಡವೇ ಬೇಡ ಅನ್ನುವವಳಲ್ಲ ನಾನು. ಹಳೆಯ ಕಾಲ ನೆನಪಿರುವವರನ್ನು ಕೇಳಿ. ಒಂದು ಪಹಣಿ ಬೇಕೆಂದರೆ ಗ್ರಾಮ ಲೆಕ್ಕಿಗರು ಎಲ್ಲಿದ್ದಾರೆಂದು ಹುಡುಕಬೇಕಿತ್ತು. ರಿಜಿಸ್ಟರ್ ಅವರ ಬಳಿಯೇ ಇರುತ್ತಿತ್ತು, ಅದರಲ್ಲಿ ಯಾರು ಯಾವಾಗ ಏನು ತಿದ್ದಿದರು ಎಂದು ರೈತನಿಗೆ ತಿಳಿಯುವ ದಾರಿ ಇರಲಿಲ್ಲ. 2000ರ ದಶಕದ ಆರಂಭದಲ್ಲಿ ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆ ಅಂದಿನ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರ್‌ಗೆ ತಂದಿತು. ಸುಮಾರು 67 ಲಕ್ಷ ರೈತರ ಜಮೀನಿನ ವಿವರ ಅದು. 15 ರೂಪಾಯಿ ಕೊಟ್ಟರೆ ಕೌಂಟರ್‌ನಲ್ಲೇ ಪ್ರಿಂಟ್ ಸಿಗತೊಡಗಿತು. ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು. ಖಾತೆ ಬದಲಾವಣೆ ಅರ್ಜಿಗಳನ್ನು ಬಂದ ಸರದಿಯಲ್ಲೇ ಎತ್ತಿಕೊಳ್ಳುವಂತೆ ಪ್ರೋಗ್ರಾಂ ಬರೆದಿದ್ದರು, ದೊಡ್ಡವರ ಫೈಲು ಮುಂದಕ್ಕೆ ಜಿಗಿಯದಿರಲಿ ಎಂದು. ಇದು ಸಣ್ಣ ವಿಷಯ ಅಲ್ಲ.

ಅಷ್ಟು ಬೇಗ ಹುಡುಕುವುದು ಹೇಗೆ ಸಾಧ್ಯ ಅನ್ನುವುದೂ ಸ್ವಾರಸ್ಯದ ಸಂಗತಿ. ಸಂಖ್ಯೆಗಳನ್ನು ಕ್ರಮವಾಗಿ ಜೋಡಿಸಿಟ್ಟಿದ್ದರೆ ಕಂಪ್ಯೂಟರ್ ಮೊದಲಿನಿಂದ ಹುಡುಕುವುದಿಲ್ಲ. ನೇರ ಮಧ್ಯಕ್ಕೆ ಹೋಗಿ, ‘ನನಗೆ ಬೇಕಾದ್ದು ಇದಕ್ಕಿಂತ ಮೇಲೋ ಕೆಳಗೋ’ ಎಂದು ನೋಡಿ ಅರ್ಧವನ್ನು ಒಮ್ಮೆಗೇ ಬಿಟ್ಟುಬಿಡುತ್ತದೆ. ಉಳಿದದ್ದರಲ್ಲಿ ಮತ್ತೆ ಅರ್ಧ. ಹೀಗೆ ಮಾಡಿದರೆ 2 ಕೋಟಿ ದಾಖಲೆಗಳಲ್ಲಿ ಒಂದನ್ನು ಹಿಡಿಯಲು ಹೆಚ್ಚೆಂದರೆ 25 ಹೋಲಿಕೆ ಸಾಕು.

ಈಗ ಲೆಕ್ಕದ ವಿಷಯಕ್ಕೆ ಬನ್ನಿ. ಪಹಣಿಯಲ್ಲಿ 1.35 ಎಂದಿದ್ದರೆ 1 ಎಕರೆ 35 ಗುಂಟೆ ಎಂದರ್ಥ. ಪಕ್ಕದ ತುಂಡು 2.20, ಅಂದರೆ 2 ಎಕರೆ 20 ಗುಂಟೆ. ಎರಡನ್ನೂ ಮೊಬೈಲ್ ಕ್ಯಾಲ್ಕುಲೇಟರ್‌ನಲ್ಲಿ ಕೂಡಿಸಿ ನೋಡಿ, 3.55 ಬರುತ್ತದೆ. ನಮ್ಮಜ್ಜಿಯನ್ನು ಕೇಳಿದರೆ 4 ಎಕರೆ 15 ಗುಂಟೆ ಅನ್ನುತ್ತಾರೆ. ಅಜ್ಜಿ ಹೇಳಿದ್ದೇ ಸರಿ, ಯಾಕೆಂದರೆ 40 ಗುಂಟೆಗೆ 1 ಎಕರೆ. ಕ್ಯಾಲ್ಕುಲೇಟರ್ ಕೂಡಿಸಿದ್ದರಲ್ಲಿ ತಪ್ಪಿಲ್ಲ, ಆದರೆ ಗುಂಟೆ ಅಂದರೇನು ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ. ಭೂ ದಾಖಲೆಗೆಂದೇ ಬರೆದ ತಂತ್ರಾಂಶಕ್ಕೆ ಈ ನಿಯಮವನ್ನು ಹೇಳಿಕೊಟ್ಟಿರುತ್ತಾರೆ. ಆದರೆ ಅಂಗಡಿಯಲ್ಲೋ ಮನೆಯಲ್ಲೋ ಎಕ್ಸೆಲ್‌ನಲ್ಲಿ ಪಟ್ಟಿ ಮಾಡುವವರು ಜೋಪಾನ. ಅದರಲ್ಲಿ ಸರ್ವೆ ನಂಬರ್ 12/3 ಎಂದು ಟೈಪ್ ಮಾಡಿದರೆ ಸಾಮಾನ್ಯವಾಗಿ ಅದು ಮಾರ್ಚ್ 12 ಆಗಿಬಿಡುತ್ತದೆ! ತಾರೀಖು ಎಂದು ಅದು ತಾನೇ ಊಹಿಸಿಕೊಳ್ಳುತ್ತದೆ. ಮೊದಲೇ ಆ ಕಾಲಮ್ಮನ್ನು ‘ಟೆಕ್ಸ್ಟ್’ ಎಂದು ಬದಲಿಸಿಕೊಳ್ಳಬೇಕು.

ತಪ್ಪು ಹಾಕಿದರೆ ತಪ್ಪೇ ಬರುತ್ತದೆ ಅನ್ನುವುದು ಹೊಸ ಮಾತಲ್ಲ. ಗಣಕಯಂತ್ರದ ಕಲ್ಪನೆ ಕೊಟ್ಟ ಚಾರ್ಲ್ಸ್ ಬ್ಯಾಬೇಜ್ 1864ರ ತಮ್ಮ ಆತ್ಮಕಥನದಲ್ಲಿ ಇದನ್ನು ನೆನಪಿಸಿಕೊಂಡಿದ್ದಾರೆ: ತಪ್ಪು ಅಂಕಿ ಕೊಟ್ಟರೂ ಯಂತ್ರ ಸರಿಯಾದ ಉತ್ತರ ಕೊಡುತ್ತದೆಯೇ ಎಂದು ಸಂಸತ್ ಸದಸ್ಯರೇ ಕೇಳಿದ್ದರಂತೆ. ಭೂಮಿ ಯೋಜನೆಯಲ್ಲೂ ಕೈಬರಹದ ರಿಜಿಸ್ಟರ್ ನೋಡಿಯೇ ಟೈಪ್ ಮಾಡಿದ್ದು. ರಿಜಿಸ್ಟರ್‌ನಲ್ಲಿದ್ದ ತಪ್ಪುಗಳೂ ಟೈಪ್ ಮಾಡುವಾಗಿನ ತಪ್ಪುಗಳೂ ಅಚ್ಚುಕಟ್ಟಾದ ಅಕ್ಷರ ತೊಟ್ಟು ಬಂದವು. ಕೈಬರಹದ ತಪ್ಪನ್ನು ನಾವು ಅನುಮಾನಿಸುತ್ತೇವೆ, ಪ್ರಿಂಟ್ ಆದ ತಪ್ಪಿಗೆ ಕೈಮುಗಿಯುತ್ತೇವೆ.

ಹಾಗೆ ಕೈಮುಗಿದರೆ ಏನಾಗುತ್ತದೆ ಎನ್ನುವುದಕ್ಕೆ ಬ್ರಿಟನ್ ಸಾಕ್ಷಿ. ಅಲ್ಲಿನ ಅಂಚೆ ಇಲಾಖೆ 1999ರಲ್ಲಿ ‘ಹೊರೈಜನ್’ ಎಂಬ ಲೆಕ್ಕಪತ್ರ ವ್ಯವಸ್ಥೆ ತಂದಿತು. ಹಣ ಕಡಿಮೆ ಇದೆ ಎಂದು ಅದು ತೋರಿಸಿದ್ದನ್ನೇ ನಂಬಿ, 2015ರ ತನಕ 900ಕ್ಕೂ ಹೆಚ್ಚು ಉಪ ಅಂಚೆ ಪಾಲಕರಿಗೆ ಕಳ್ಳತನ, ಸುಳ್ಳು ಲೆಕ್ಕದಂಥ ಆರೋಪಗಳಲ್ಲಿ ಶಿಕ್ಷೆಯಾಯಿತು. ಕೆಲವರು ಜೈಲಿಗೆ ಹೋದರು, ಎಷ್ಟೋ ಜನ ಮನೆಮಠ ಕಳೆದುಕೊಂಡರು. ತಂತ್ರಾಂಶದಲ್ಲೇ ದೋಷಗಳಿದ್ದವು ಎಂದು 2019ರಲ್ಲಿ ಲಂಡನ್ ಹೈಕೋರ್ಟ್ ಹೇಳಿತು. 2024ರಲ್ಲಿ ಕಾನೂನು ಮಾಡಿ ನೂರಾರು ಶಿಕ್ಷೆಗಳನ್ನು ರದ್ದು ಮಾಡಬೇಕಾಯಿತು.

ನಮ್ಮ ಕಾನೂನು ಪಹಣಿಯ ಬಗ್ಗೆ ಏನು ಹೇಳುತ್ತದೆ? ಕರ್ನಾಟಕ ಭೂಕಂದಾಯ ಅಧಿನಿಯಮ 1964ರ 133ನೇ ಕಲಂ ಪ್ರಕಾರ, ಪಹಣಿಯ ನಮೂದು ಸರಿ ಎಂದು ಭಾವಿಸಬೇಕು, ಆದರೆ ಅದಕ್ಕೆ ವಿರುದ್ಧವಾದದ್ದು ರುಜುವಾತಾಗುವ ತನಕ ಮಾತ್ರ. ಅಂದರೆ ಕಾನೂನೇ ಅದನ್ನು ‘ಫೈನಲ್’ ಅಂದಿಲ್ಲ. ಖಾತೆ ಬದಲಾವಣೆಯ ಆದೇಶ ತಪ್ಪು ಅನಿಸಿದರೆ 136ನೇ ಕಲಂ ಅಡಿ ಅಸಿಸ್ಟೆಂಟ್ ಕಮಿಷನರ್‌ಗೆ ಮೇಲ್ಮನವಿ ಹಾಕಬಹುದು.

ಹಾಗಾಗಿ ಮುಂದಿನ ಸಲ ಪಹಣಿ ತೆಗೆಸಿದಾಗ ಮಡಚಿ ಜೇಬಿಗೆ ಇಡುವ ಮೊದಲು 9ನೇ ಕಾಲಂನ ಹೆಸರನ್ನು ಅಕ್ಷರ ಅಕ್ಷರ ಓದಿ, ಒತ್ತಕ್ಷರ ದೀರ್ಘ ಸಮೇತ. ವಿಸ್ತೀರ್ಣ ಹಳೆಯ ಕಾಗದದ ಜೊತೆ ತಾಳೆ ಆಗುತ್ತದೆಯೇ ನೋಡಿ. 11ನೇ ಕಾಲಂನಲ್ಲಿ ತೀರಿಸಿದ ಸಾಲ ಇನ್ನೂ ಕೂತಿದೆಯೇ ನೋಡಿ. ಅಜ್ಜನ ಕಾಲದ ಕೈಬರಹದ ಪಹಣಿ, ಕ್ರಯಪತ್ರ ಇದ್ದರೆ ‘ಈಗೆಲ್ಲ ಕಂಪ್ಯೂಟರ್ ಅಲ್ವಾ’ ಎಂದು ಎಸೆಯಬೇಡಿ. ಯಂತ್ರದ ನಮೂದನ್ನು ಪ್ರಶ್ನಿಸಲು ಬೇಕಾಗುವುದು ಅವೇ. ಕೌಂಟರ್‌ನಲ್ಲಿ ‘ಆಗಲ್ಲ’ ಅಂದರೆ, ಯಾವ ದಾಖಲೆಯ ಯಾವ ಅಕ್ಷರ ಹೊಂದುತ್ತಿಲ್ಲ ಎಂದು ಕೇಳಿ, ಬರಹದಲ್ಲೇ ಅರ್ಜಿ ಕೊಡಿ.

ದೊಡ್ಡಪ್ಪ ತಿದ್ದುಪಡಿಗೆ ಅರ್ಜಿ ಕೊಟ್ಟಿದ್ದಾರೆ. ಸ್ವೀಕೃತಿ ಚೀಟಿ ಕಳೆದುಹೋಗದಿರಲಿ ಎಂದು ಅದರ ಫೋಟೋವನ್ನು ಕುಟುಂಬದ ಗುಂಪಿಗೇ ಹಾಕಿದರು, ಜೊತೆಗೆ ಆಧಾರ್ ಕಾರ್ಡಿನದ್ದೂ. ಎರಡನೆಯದನ್ನು ಫೋನ್ ಮಾಡಿ ಡಿಲೀಟ್ ಮಾಡಿಸಿದೆ.