ತನ್ನ ಹಾಡಿಗೆ ತಾನೇ ಪಕ್ಕವಾದ್ಯ: ಪಿಯಾನೋ ಅಭ್ಯಾಸದ ಪರಿಚಯ

ಒಬ್ಬನೇ ವ್ಯಕ್ತಿಯು ಕಂಠದಿಂದ ಹಾಡನ್ನೂ ಕೈಗಳಿಂದ ಆ ಹಾಡಿಗೆ ಬೇಕಾದ ಪಕ್ಕವಾದ್ಯವನ್ನೂ ಏಕಕಾಲದಲ್ಲಿ ಒದಗಿಸಿಕೊಳ್ಳುವ ಪದ್ಧತಿಯು ಐರೋಪ್ಯ ಸಂಗೀತದಲ್ಲಿ ಪಿಯಾನೋ ವಾದ್ಯಕ್ಕಿಂತಲೂ ಪ್ರಾಚೀನವಾದುದು. ಇಟಲಿಯ ಗಾಯಕ ಜೂಲಿಯೋ ಕಾಚೀನಿ ೧೬೦೨ರಲ್ಲಿ ಫ್ಲಾರೆನ್ಸ್ ನಗರದಲ್ಲಿ ತನ್ನ ಏಕಕಂಠಗೀತೆಗಳನ್ನು ಅಚ್ಚುಹಾಕಿಸಿದಾಗ, ಹಾಡಿನ ಧಾಟಿಯ ಕೆಳಗೆ ಒಂದೇ ಒಂದು ಮಂದ್ರಸ್ವರಪಂಕ್ತಿಯನ್ನೂ ಅದರೊಡನೆ ಕೆಲವು ಅಂಕಿಗಳನ್ನೂ ಕಾಣಿಸಿ, ಉಳಿದುದೆಲ್ಲವನ್ನೂ ನುಡಿಸುವವನ ವಿವೇಚನೆಗೆ ಬಿಟ್ಟುಕೊಟ್ಟನು. ಅದಾದ ಸುಮಾರು ನೂರು ವರ್ಷಗಳಿಗೆ ಅದೇ ನಗರದಲ್ಲಿ, ಮೆದೀಚಿ ಮನೆತನದ ಆಶ್ರಯದಲ್ಲಿದ್ದ ಬಾರ್ತೊಲೊಮೆಯೋ ಕ್ರಿಸ್ಟೊಫೊರಿಯೆಂಬ ಕುಶಲಿಯು, ತಂತಿಯನ್ನು ಮೀಟುವುದಕ್ಕೆ ಬದಲಾಗಿ ಪುಟ್ಟ ಸುತ್ತಿಗೆಯಿಂದ ಹೊಡೆಯುವ ಯಂತ್ರವನ್ನು ರಚಿಸಿದನು; ಅದರ ಸಂತತಿಯೇ ಇಂದಿನ ಪಿಯಾನೋ. ಹಿಂದಿನ ಹಾರ್ಪ್ಸಿಕಾರ್ಡಿನಲ್ಲಿ ಬೆರಳನ್ನು ಎಷ್ಟು ಮೃದುವಾಗಿ ಒತ್ತಿದರೂ ನಾದದ ಪ್ರಮಾಣವು ಹೆಚ್ಚುಕಡಮೆ ಒಂದೇ ಆಗಿರುತ್ತಿತ್ತು. ಹೊಸ ವಾದ್ಯದಲ್ಲಿಯಾದರೋ ಬೆರಳಿನ ಭಾರಕ್ಕೆ ಅನುಗುಣವಾಗಿ ನಾದವು ಏರುತ್ತದೆ, ಇಳಿಯುತ್ತದೆ. ಹಾಡುವ ಕಂಠದ ಅಡಿಯಲ್ಲಿ ತಲೆತಗ್ಗಿಸಿ ನಡೆಯಬಲ್ಲ ಗುಣವು ಹೀಗೆ ವಾದ್ಯದ ರಚನೆಯಲ್ಲಿಯೇ ಅಡಕವಾಯಿತು.

ಈ ವಿದ್ಯೆಯಲ್ಲಿ ಹೆಸರಾದವರ ಚರಿತ್ರೆಯನ್ನು ಅವಲೋಕಿಸಿದರೆ, ಕಂಠಕ್ಕೆ ಎಡೆಮಾಡಿಕೊಡುವ ಸಲುವಾಗಿ ಅವರು ಕೈಯ ಕೆಲಸವನ್ನು ಬೇಕೆಂದೇ ಹಗುರಗೊಳಿಸಿಕೊಂಡದ್ದು ಕಂಡುಬರುತ್ತದೆ. ಹದಿನೆಂಟನೆಯ ಶತಮಾನದ ಪೂರ್ವಾರ್ಧದಲ್ಲಿದ್ದ ವೆನಿಸ್ಸಿನ ಡೊಮೆನಿಕೋ ಆಲ್ಬರ್ಟಿಯು ಹಾರ್ಪ್ಸಿಕಾರ್ಡನ್ನು ತಾನೇ ನುಡಿಸಿಕೊಂಡು ಹಾಡುವುದರಲ್ಲಿ ಪ್ರಸಿದ್ಧನಾಗಿದ್ದನು. ಮೂರು ಸ್ವರಗಳನ್ನು ಒಟ್ಟಿಗೆ ಒತ್ತದೆ ಸ-ಪ-ಗ-ಪ ಎಂದು ಬಿಡಿಬಿಡಿಯಾಗಿ ಹರಿಯಿಸುವ ಎಡಗೈಯ ಸುಲಭವಾದ ವಿನ್ಯಾಸವು ಇಂದಿಗೂ ಅವನ ಹೆಸರಿನಿಂದಲೇ ಕರೆಯಲ್ಪಡುತ್ತದೆ. ಆರುನೂರಕ್ಕೂ ಮಿಕ್ಕ ಗೀತೆಗಳನ್ನು ರಚಿಸಿದ ವಿಯೆನ್ನಾದ ಫ್ರಾನ್ಜ್ ಶೂಬರ್ಟನು, ೧೮೧೫ರಲ್ಲಿ, ತನ್ನ ಹದಿನೆಂಟನೆಯ ವಯಸ್ಸಿನಲ್ಲಿ, ಗಯಟೆ ಮಹಾಕವಿಯ ‘ಎರ್ಲ್‌ಕ್ಯೋನಿಗ್’ ಕವಿತೆಗೆ ರಾಗ ಕೂಡಿಸಿದಾಗ, ಓಡುವ ಕುದುರೆಯ ಖುರಪುಟವನ್ನು ಸೂಚಿಸುವುದಕ್ಕಾಗಿ ಬಲಗೈಗೆ ಎಡೆಬಿಡದ ಮೂರುಮೂರರ ಹೊಡೆತಗಳನ್ನು ವಿಧಿಸಿದನು. ಆ ಹೊಡೆತಗಳು ನುರಿತ ವಾದಕರ ಮಣಿಕಟ್ಟನ್ನೂ ದಣಿಸತಕ್ಕವು. ಅದೇ ಗೀತೆಯ ಮತ್ತೊಂದು ಪಾಠದಲ್ಲಿ ಶೂಬರ್ಟನು ಮೂರರ ಬದಲು ಎರಡೆರಡು ಹೊಡೆತಗಳನ್ನಿಟ್ಟು ವಾದನವನ್ನು ಸರಳಗೊಳಿಸಿರುವನು. ರಚನಕಾರನೇ ತೆಗೆದುಕೊಂಡ ಈ ಸ್ವಾತಂತ್ರ್ಯವನ್ನು ಆರಂಭದ ವಿದ್ಯಾರ್ಥಿಯು ತೆಗೆದುಕೊಳ್ಳುವುದರಲ್ಲಿ ಅಪಚಾರವೇನೂ ಇಲ್ಲ. ೧೮೮೧ರಲ್ಲಿ ಬಾಸ್ಟನ್ ನಗರದ ಸಿಂಫನಿ ವಾದ್ಯವೃಂದಕ್ಕೆ ಮೊದಲ ನಿರ್ದೇಶಕನಾದ ಜಾರ್ಜ್ ಹೆನ್ಶೆಲ್ ಎಂಬ ಗಾಯಕನು ಇಂತಹ ಗೀತೆಗಳನ್ನು ಸಭೆಯಲ್ಲಿ ತಾನೇ ನುಡಿಸಿಕೊಂಡು ಹಾಡುತ್ತಿದ್ದನು; ವೃದ್ಧಾಪ್ಯದಲ್ಲಿ ಅವನು ಹಾಗೆ ಹಾಡಿದ ಧ್ವನಿಮುದ್ರಿಕೆಗಳು ಇಂದಿಗೂ ಉಳಿದಿವೆ.

ನಮ್ಮ ನಾಡಿಗೆ ಪಿಯಾನೋ ಅಪರಿಚಿತವೇನಲ್ಲ. ಮೈಸೂರಿನ ಜಯಚಾಮರಾಜ ಒಡೆಯರು ಅದನ್ನು ಶಾಸ್ತ್ರೋಕ್ತವಾಗಿ ಅಭ್ಯಸಿಸಿದ್ದುದಲ್ಲದೆ, ರಷ್ಯದ ಸಂಗೀತರಚನಕಾರ ನಿಕೊಲಾಯ್ ಮೆಟ್ನರನ ಕೃತಿಗಳ ಧ್ವನಿಮುದ್ರಣಕ್ಕೆ ಧನಸಹಾಯವನ್ನೂ ಮಾಡಿದರು. ಆದರೆ ಸಾಮಾನ್ಯ ಗೃಹಸ್ಥರ ಮನೆಗಳಲ್ಲಿಯೂ ಭಜನಮಂದಿರಗಳಲ್ಲಿಯೂ ನೆಲೆಯೂರಿದುದು ಹಾರ್ಮೋನಿಯಂ. ಅದರಲ್ಲಿ ಒಂದು ಕೈ ತಿದಿಯನ್ನು ಒತ್ತುತ್ತಿರುವುದರಿಂದ ನುಡಿಸುವುದಕ್ಕೆ ಇನ್ನೊಂದು ಕೈ ಮಾತ್ರ ಉಳಿಯುತ್ತದೆ. ಆ ಕೈ ಹಾಡಿನ ಧಾಟಿಯನ್ನೇ ಅಕ್ಷರಶಃ ಹಿಂಬಾಲಿಸುತ್ತದೆ. ಈ ಅಭ್ಯಾಸದಿಂದ ಬಂದವರು ಪಿಯಾನೋದ ಮುಂದೆ ಕುಳಿತೊಡನೆ ಬಲಗೈಯಲ್ಲಿ ಧಾಟಿಯನ್ನು ನುಡಿಸತೊಡಗುವುದು ಸಹಜ. ಆದರೆ ತಿದಿಯಲ್ಲಿ ಗಾಳಿಯಿರುವವರೆಗೂ ಹಾರ್ಮೋನಿಯಮ್ಮಿನ ಸ್ವರವು ನಿಲ್ಲುತ್ತದೆ, ಪಿಯಾನೋದ ಸ್ವರವು ಹುಟ್ಟಿದ ಕ್ಷಣದಿಂದಲೇ ಕ್ಷಯಿಸುತ್ತ ಹೋಗುತ್ತದೆ. ಆದಕಾರಣ ಧಾಟಿಯನ್ನು ಹಿಂಬಾಲಿಸುವ ಪಿಯಾನೋ ಪ್ರತಿಯೊಂದು ಅಕ್ಷರದ ಮೇಲೂ ಒಂದು ಪೆಟ್ಟನ್ನಿಡುತ್ತದೆಯೇ ಹೊರತು ದೀರ್ಘಸ್ವರಕ್ಕೆ ಆಧಾರವಾಗುವುದಿಲ್ಲ. ಕಂಠವು ಜಾರಿ, ತೂಗಿ, ತಡೆದು ಹಾಡಬೇಕೆಂದಲ್ಲೆಲ್ಲ ಕೈ ಅದನ್ನು ಕಟ್ಟಿಹಾಕುತ್ತದೆ. ಧಾಟಿಯನ್ನು ಸಂಪೂರ್ಣವಾಗಿ ಕಂಠಕ್ಕೆ ಒಪ್ಪಿಸಿಬಿಡುವುದೇ ಈ ವಿದ್ಯೆಯ ಮೊದಲನೆಯ ಪಾಠ.

ಹಾಗಾದರೆ ಕೈಗಳು ಮಾಡತಕ್ಕದ್ದೇನು? ವಾದಕರು ಕಾರ್ಡ್ ಎಂದು ಕರೆಯುವ ಸ್ವರಗುಚ್ಛಗಳನ್ನು ನುಡಿಸುವುದು. ಧೀರಶಂಕರಾಭರಣದ ಏಳು ಸ್ವರಗಳನ್ನು ತೆಗೆದುಕೊಂಡರೆ ಸ-ಗ-ಪ, ಮ-ಧ-ಸ, ಪ-ನಿ-ರಿ ಎಂಬ ಮೂರು ಗುಚ್ಛಗಳಲ್ಲಿ ಆ ಏಳೂ ಅಡಗಿವೆ. ಹಾಡು ಆ ಏಳು ಸ್ವರಗಳಲ್ಲಿ ಎಲ್ಲಿ ನಿಂತರೂ ಅದಕ್ಕೆ ಒದಗುವ ಗುಚ್ಛವೊಂದು ಈ ಮೂರರಲ್ಲಿ ಇದ್ದೇ ಇರುತ್ತದೆ. ಗುಚ್ಛದಿಂದ ಗುಚ್ಛಕ್ಕೆ ಕೈ ಹಾರಬಾರದು. ಸ-ಗ-ಪದಿಂದ ಮಧ್ಯಮದ ಗುಚ್ಛಕ್ಕೆ ಹೋಗುವಾಗ ಷಡ್ಜದ ಬೆರಳನ್ನು ಇದ್ದಲ್ಲಿಯೇ ಇರಿಸಿ ಉಳಿದೆರಡನ್ನು ಒಂದೊಂದು ಸ್ವರ ಮೇಲಕ್ಕೆ ಸರಿಸಿದರೆ ಸ-ಮ-ಧ ದೊರೆಯುತ್ತದೆ. ಪಂಚಮದ ಗುಚ್ಛಕ್ಕೆ ಹೋಗುವಾಗ ಪಂಚಮದ ಬೆರಳನ್ನು ಉಳಿಸಿಕೊಂಡು ಮಿಕ್ಕೆರಡನ್ನು ಒಂದೊಂದು ಸ್ವರ ಕೆಳಕ್ಕೆ ಇಳಿಸಿದರೆ ನಿ-ರಿ-ಪ ದೊರೆಯುತ್ತದೆ. ಹೀಗೆ ಸರಿಯುವ ಕೈಯನ್ನು ಕಣ್ಣಿನಿಂದ ಕಾಯಬೇಕಾಗಿಲ್ಲ. ಬಲಗೈ ಈ ಕೆಲಸದಲ್ಲಿರುವಾಗ ಎಡಗೈ ಆಯಾ ಗುಚ್ಛದ ಮೂಲಸ್ವರವೊಂದನ್ನೇ ಮಂದ್ರದಲ್ಲಿ ಹಿಡಿದರೆ ಸಾಕು. ತೀರ ಕೆಳಗಿನ ಸ್ಥಾಯಿಯಲ್ಲಿ ಸ್ವರಗಳನ್ನು ಒತ್ತೊತ್ತಾಗಿ ಕೂಡಿಸಿದರೆ ನಾದವು ಕದಡಿಹೋಗುತ್ತದೆ.

ಅಭ್ಯಾಸದ ಕ್ರಮದಲ್ಲಿ ಆತುರ ಕೂಡದು. ಹಾಡನ್ನು ಮೊದಲು ವಾದ್ಯವಿಲ್ಲದೆ, ತಾಳ ಹಾಕಿಕೊಂಡು, ಪುಸ್ತಕ ನೋಡದೆ ಹಾಡುವಷ್ಟು ಕಂಠಸ್ಥ ಮಾಡಬೇಕು. ಅದರ ಅತ್ಯುಚ್ಚ ಸ್ವರವನ್ನೂ ಅತಿ ಕೆಳಗಿನ ಸ್ವರವನ್ನೂ ಹಾಡಿನೋಡಿ, ಕಂಠಕ್ಕೆ ಒಪ್ಪುವ ಶ್ರುತಿಯನ್ನು ಆಗಲೇ ನಿಶ್ಚಯಿಸಿಕೊಳ್ಳಬೇಕು. ಯಕ್ಷಗಾನದ ಭಾಗವತರು ಕಪ್ಪು ಎರಡು, ಬಿಳಿ ನಾಲ್ಕು ಎಂದು ಶ್ರುತಿಯನ್ನು ಮನೆಗಳಿಂದಲೇ, ಎಂದರೆ ಬೆರಳೊತ್ತುವ ಕೀಲಿಗಳಿಂದಲೇ, ಗುರುತಿಸುವಂತೆ ಇಲ್ಲಿಯೂ ಮಾಡಬಹುದು. ಬೆರಳಿಗೆ ಸುಲಭವೆಂಬ ಕಾರಣಕ್ಕಾಗಿ ಬಿಳಿಯ ಮನೆಗಳಿಗೇ ಅಂಟಿಕೊಂಡು ಕಂಠವನ್ನು ಹಿಂಸಿಸಬಾರದು. ಅನಂತರ ಹಾಡದೆ, ಗುಚ್ಛಗಳನ್ನು ಆವರ್ತದ ಮೊದಲ ಪೆಟ್ಟಿಗೆ ಮಾತ್ರ ನುಡಿಸುತ್ತ ಸಾಹಿತ್ಯವನ್ನು ಮಾತಿನಂತೆ ಹೇಳಿಕೊಳ್ಳಬೇಕು. ಇದು ಸಲೀಸಾದ ಮೇಲೆ ಹಾಡನ್ನು ಸೇರಿಸಬೇಕು. ಬಿಡಿಸ್ವರಗಳ ವಿನ್ಯಾಸವು ಬರತಕ್ಕದ್ದು ಕಟ್ಟಕಡೆಯಲ್ಲಿ. ನಮ್ಮ ಹೆಂಗಸರು ಬೀಸುವ ಪದಗಳನ್ನು ಹಾಡುತ್ತಿದ್ದಾಗ ಕಲ್ಲು ತಿರುಗಿಸುವ ಕೈ ಅವರ ಗಮನವನ್ನು ಬೇಡುತ್ತಿರಲಿಲ್ಲವಾದುದರಿಂದಲೇ ಮನಸ್ಸು ಪದದಲ್ಲಿ ವಿಹರಿಸುತ್ತಿತ್ತು. ಪಿಯಾನೋದ ಮೇಲಿನ ಕೈಯೂ ಅಷ್ಟರಮಟ್ಟಿಗೆ ತನ್ನಷ್ಟಕ್ಕೆ ತಾನೇ ನಡೆಯುವಂತಾಗಬೇಕು. ಅದು ಹಾಗೆ ನಡೆಯದಿದ್ದರೆ, ವಿನ್ಯಾಸವು ಇನ್ನೂ ಕಠಿಣವಾಗಿದೆಯೆಂದು ತಿಳಿದು ಸರಳಗೊಳಿಸತಕ್ಕದ್ದು.

ಬಲಗಾಲಿನ ಪೆಡಲನ್ನು ಅದುಮಿದಾಗ ತಂತಿಗಳನ್ನು ಅಡಗಿಸುವ ಮೆತ್ತೆಗಳು ಮೇಲೆದ್ದು ನಾದವು ಮುಂದುವರಿಯುತ್ತದೆ. ಹೊಸ ಗುಚ್ಛವನ್ನು ಒತ್ತಿದ ಕ್ಷಣದಲ್ಲಿ ಪಾದವನ್ನೆತ್ತಿ ಮರುಕ್ಷಣವೇ ಮತ್ತೆ ಅದುಮಿದರೆ ಹಳೆಯ ನಾದವು ಅಳಿದು ಹೊಸದು ಅಖಂಡವಾಗಿ ಕೂಡಿಕೊಳ್ಳುತ್ತದೆ. ಉಸಿರಿನ ವಿಷಯವು ಇದಕ್ಕಿಂತಲೂ ಮುಖ್ಯ. ಬೆರಳುಗಳನ್ನು ನೋಡುವುದಕ್ಕಾಗಿ ಬಗ್ಗಿದವನ ಎದೆ ಕುಗ್ಗುತ್ತದೆ, ಗಂಟಲು ಬಿಗಿಯುತ್ತದೆ. ಆದುದರಿಂದ ಪೀಠವನ್ನು ಮೊಳಕೈ ಮನೆಗಳ ಮಟ್ಟಕ್ಕೆ ಬರುವಂತೆ ಎತ್ತರಿಸಿ, ಬೆನ್ನನ್ನು ನೆಟ್ಟಗಿಟ್ಟು, ದೃಷ್ಟಿಯನ್ನು ಮುಂದಕ್ಕೆ ನೆಟ್ಟು ಹಾಡಬೇಕು; ಸಾಲು ಮುಗಿದು ಕಂಠವು ಉಸಿರೆಳೆದುಕೊಳ್ಳುವಾಗ ಕೈಗೂ ಒಂದು ಕ್ಷಣದ ವಿರಾಮವಿರಬೇಕು.

ನಮ್ಮ ಸಂಗೀತದ ಗೀತೆಗಳಿಗೆ ಈ ವಾದ್ಯವನ್ನು ಬಳಸುವವರು ಇನ್ನೊಂದು ಎಚ್ಚರವನ್ನೂ ವಹಿಸಬೇಕು. ಪಿಯಾನೋದಲ್ಲಿ ಸ್ಥಾಯಿಯನ್ನು ಹನ್ನೆರಡು ಸಮಭಾಗಗಳಾಗಿ ಹಂಚಿರುವುದರಿಂದ ಅದರ ಅಂತರಗಾಂಧಾರವು ತಂಬೂರಿಯಲ್ಲಿ ತಾನಾಗಿ ಕೇಳಿಬರುವ ಗಾಂಧಾರಕ್ಕಿಂತ ಒಂದು ಅರ್ಧಸ್ವರದ ನೂರರಲ್ಲಿ ೧೪ ಅಂಶದಷ್ಟು ಮೇಲಿದೆ. ಗಮಕವಂತೂ ಅದರಲ್ಲಿ ಅಸಾಧ್ಯ. ಗಮಕಯುಕ್ತವಾದ ಸ್ವರವನ್ನು ಕಂಠವು ಹಾಡುತ್ತಿರುವಾಗ ಅದೇ ಸ್ವರವನ್ನು ಬೆರಳು ನೇರವಾಗಿ ಹೊಡೆದರೆ ಎರಡೂ ಘರ್ಷಿಸುತ್ತವೆ. ಅಂತಹ ಸ್ಥಳಗಳಲ್ಲಿ ಗುಚ್ಛದಿಂದ ಗಾಂಧಾರವನ್ನು ತೆಗೆದು, ಷಡ್ಜ ಪಂಚಮಗಳನ್ನು ಮಾತ್ರ ಹಿಡಿದು ನಿಲ್ಲುವುದು ಲೇಸು.

ಹೀಗೆಂದಮಾತ್ರಕ್ಕೆ ಕೈಗಳು ಎಂದೆಂದಿಗೂ ಮೂಕವಾಗಿರಬೇಕೆಂದು ತಾತ್ಪರ್ಯವಲ್ಲ. ಕಛೇರಿಯ ಪಿಯಾನೋ ವಾದಕಿಯಾಗಬೇಕೆಂದು ಅಭ್ಯಾಸ ಮಾಡಿದ್ದ ಅಮೆರಿಕದ ನೀನಾ ಸಿಮೋನ್, ೧೯೫೪ರಲ್ಲಿ ಅಟ್ಲಾಂಟಿಕ್ ಸಿಟಿಯ ಪಾನಗೃಹವೊಂದರಲ್ಲಿ ಕೆಲಸಕ್ಕೆ ಸೇರಿದಾಗ, ಹಾಡಿದರೆ ಮಾತ್ರ ಕೆಲಸ ಉಳಿಯುವುದೆಂದು ಯಜಮಾನನು ಹೇಳಿದ್ದರಿಂದ ಹಾಡತೊಡಗಿದಳು. ಕಂಠವು ವಿಶ್ರಮಿಸುವ ಎಡೆಗಳಲ್ಲಿ ಅವಳ ಬೆರಳುಗಳು ಜರ್ಮನ್ ರಚನಕಾರ ಬಾಖನ ಶೈಲಿಯ ಸ್ವರಜಾಲವನ್ನೇ ನೇಯುತ್ತಿದ್ದವು. ವಾದನಕ್ಕೆ ಅವಕಾಶವಿರುವುದು ಪೀಠಿಕೆಯಲ್ಲಿ, ಸಾಲುಗಳ ನಡುವೆ, ಮುಕ್ತಾಯದಲ್ಲಿ. ಸಾಹಿತ್ಯವು ನಡೆಯುತ್ತಿರುವಾಗ ಅಲ್ಲ.

ಆರಂಭಿಸುವವರು ಬಾಲ್ಯದಿಂದ ಬಾಯಿಗೆ ಬಂದಿರುವ, ಎರಡು ಮೂರು ಗುಚ್ಛಗಳಲ್ಲಿ ಮುಗಿಯುವ ಸಣ್ಣದೊಂದು ಹಾಡನ್ನು ಆರಿಸಿಕೊಳ್ಳಲಿ. ಅದು ಕೈಗೂಡಿತೆನಿಸಿದಾಗ, ಆ ಹಾಡನ್ನು ಅರಿಯದ ಒಬ್ಬರನ್ನು ಕೋಣೆಯ ಇನ್ನೊಂದು ತುದಿಯಲ್ಲಿ ಕೂರಿಸಿ ಹಾಡಿ, ಸಾಹಿತ್ಯವು ಪೂರ್ತಿಯಾಗಿ ತಿಳಿಯಿತೇ ಎಂದು ಕೇಳಲಿ. ತಿಳಿಯಲಿಲ್ಲವೆಂದು ಅವರು ಹೇಳಿದರೆ, ಕಂಠವನ್ನು ಏರಿಸುವುದಕ್ಕೆ ಮೊದಲು ಕೈಯ ಸ್ವರಗಳನ್ನು ಕಡಮೆ ಮಾಡಿ ಮತ್ತೊಮ್ಮೆ ಹಾಡಲಿ.