ಯಮಲೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ

ಬೆಂಗಳೂರಿನಿಂದ ವೈಟ್‌ಫೀಲ್ಡ್ ಕಡೆ ಹೋಗುವ ಬೆಳೆಗಾರ ಬಾಂಧವರು ಯಮಲೂರಿನ ಹೆಸರು ಕೇಳಿರಬಹುದು. ಈಗ ಅದರ ಸುತ್ತ ಕಂಪನಿಗಳ ಕಟ್ಟಡಗಳೇ. ಡಾ. ಎಚ್. ಸುದರ್ಶನ್ 1950ರಲ್ಲಿ ಅಲ್ಲಿ ಹುಟ್ಟಿದಾಗ ಅದು ಬರಿಯ ಹಳ್ಳಿ. ಅವರು ಹನ್ನೆರಡರ ಹುಡುಗನಾಗಿದ್ದಾಗ ತಂದೆ ವೈದ್ಯರ ನೆರವು ಸಿಗದೆ ತೀರಿಕೊಂಡರು.

1973ರಲ್ಲಿ ಬೆಂಗಳೂರು ಮೆಡಿಕಲ್ ಕಾಲೇಜಿನ ಓದು ಮುಗಿಯಿತು. ಪೇಟೆಯಲ್ಲಿ ಷಾಪು ತೆರೆಯದೆ ರಾಮಕೃಷ್ಣ ಮಿಷನ್ನಿನ ಸೇವೆಗೆಂದು ದೇಶ ಸುತ್ತಿದರು. ಹಿಮಾಲಯದ ತಪ್ಪಲು, ಬಂಗಾಳದ ಬೇಲೂರು ಮಠ, ನಮ್ಮ ಕೊಡಗಿನ ಪೊನ್ನಂಪೇಟೆ. ಆಮೇಲೆ ಹಿಡಿದದ್ದು ಕೊಳ್ಳೇಗಾಲ, ಯಳಂದೂರು ಕಡೆಯ ಬೆಟ್ಟದ ದಾರಿ.

ಅಲ್ಲಿ ಗುಡಿಸಲಿನಲ್ಲಿ ಚಿಕಿತ್ಸೆ ಆರಂಭಿಸಿದರೆ ಸೋಲಿಗರು ಹತ್ತಿರ ಸುಳಿಯಲಿಲ್ಲ. ಡಾಕ್ಟರೇ ಪೋಡಿನಿಂದ ಪೋಡಿಗೆ ನಡೆದರು. ಹಾವು ಕಚ್ಚಿದ ಆಳನ್ನು ಜೀಪಿನಲ್ಲಿ ಹಾಕಿಕೊಂಡು ಘಟ್ಟ ಇಳಿದ ನಮಗೆ ಇದರ ಬೆಲೆ ಹೇಳಬೇಕಾಗಿಲ್ಲ. ಔಷಧಿಗಿಂತ ದಾರಿಯೇ ದೊಡ್ಡ ತೊಡಕು.

1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸ್ಥಾಪನೆಯಾಯಿತು. ಆಸ್ಪತ್ರೆಯ ಜೊತೆಗೆ ಶಾಲೆಯೂ ಬೆಳೆಯಿತು. 1994ರಲ್ಲಿ ಸ್ವೀಡನ್ನಿನ ರೈಟ್ ಲೈವ್ಲಿಹುಡ್ ಪ್ರಶಸ್ತಿ, 2000ದಲ್ಲಿ ಪದ್ಮಶ್ರೀ ಬಂದವು. ನಮಗೆ ಅದಕ್ಕಿಂತ ಹತ್ತಿರದ ಸಂಗತಿ ಬೇರೆಯಿದೆ. ಆ ಪೋಡುಗಳಲ್ಲಿ ಸೋಲಿಗರೂ ನಮ್ಮ ಹಾಗೆಯೇ ಮರದ ನೆರಳಲ್ಲಿ ಕಾಫಿ ಬೆಳೆಯುತ್ತಾರೆ.