ಕಚ್ಚಾದಾರಿಯ ಜೀಪು: ಮಾರ್ಪಾಡಿನ ಲೆಕ್ಕ, ನಿರ್ವಹಣೆಯ ವಿಜ್ಞಾನ

ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿರುವ ಮೈಸೂರಿನಿಂದ ಹೊರಟ ವಾಹನವು ಎರಡು ಮೂರು ಗಂಟೆಗಳೊಳಗೆ ಹೆಗ್ಗಡದೇವನಕೋಟೆ ಸೀಮೆಯ ಕೆಮ್ಮಣ್ಣಿನ ದಾರಿಯನ್ನೂ, ಚಾಮರಾಜನಗರದ ಕಡೆಯ ಕಪ್ಪುಮಣ್ಣಿನ ಹೊಲಗಳನ್ನೂ, ಕೊಡಗಿನ ಕಾಫಿತೋಟಗಳ ಜಾರುವ ಏರುಗಳನ್ನೂ ತಲುಪಬಲ್ಲದು. ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಸಬಲ್ಲ ಹಳೆಯ ಮಹೀಂದ್ರ ಜೀಪು, 1985ರಲ್ಲಿ ಮಾರುಕಟ್ಟೆಗೆ ಬಂದ ಮಾರುತಿ ಜಿಪ್ಸಿ, 2010ರಲ್ಲಿ ಬಂದ ಥಾರ್ ಮೊದಲಾದ ವಾಹನಗಳಿಗೆ ಇಲ್ಲಿ ಬೇಡಿಕೆ ಇರುವುದು ಸಹಜ. ಅದರ ಜೊತೆಗೆ, 1961ರಿಂದ 1996ರವರೆಗೆ ಐಡಿಯಲ್ ಜಾವಾ ಮೋಟಾರ್‌ಸೈಕಲ್ ಕಾರ್ಖಾನೆ ನಡೆದ ಮೈಸೂರಿನಲ್ಲಿ, ಯಂತ್ರವನ್ನು ಮನೆಯಂಗಳದಲ್ಲೇ ಬಿಚ್ಚಿ ಜೋಡಿಸುವ ಹವ್ಯಾಸವೂ ಹಳೆಯದು. ಆದರೆ ವಾಹನದ ಭಾಗಗಳು ಪರಸ್ಪರ ಅಳತೆಗೆ ಹೊಂದಿಕೊಂಡಿರುವುದರಿಂದ, ಒಂದನ್ನು ಬದಲಿಸಿದಾಗ ಅದರ ಭಾರ ಮತ್ತೊಂದರ ಮೇಲೆ ಬೀಳುತ್ತದೆ ಎಂಬುದನ್ನು ಈ ಹವ್ಯಾಸಿಗಳು ಮೊದಲು ಅರಿಯಬೇಕಾಗುತ್ತದೆ.

ಹೆಚ್ಚಿನವರು ಮೊದಲು ಕೈಹಾಕುವುದು ಟೈರಿಗೆ. ಥಾರ್‌ನ ಕೆಲವು ಮಾದರಿಗಳಲ್ಲಿ ಬರುವ 245/75 ಆರ್ 16 ಎಂಬ ಅಳತೆಯಲ್ಲಿ 245 ಎಂಬುದು ಮಿಲಿಮೀಟರ್‌ಗಳಲ್ಲಿ ಟೈರಿನ ಅಗಲ, 75 ಎಂಬುದು ಆ ಅಗಲದ ಶೇಕಡಾವಾರಿನಲ್ಲಿ ಪಾರ್ಶ್ವಗೋಡೆಯ ಎತ್ತರ, 16 ಎಂಬುದು ಇಂಚುಗಳಲ್ಲಿ ರಿಮ್ಮಿನ ವ್ಯಾಸ. ಈ ಲೆಕ್ಕದಂತೆ ಚಕ್ರದ ಪೂರ್ಣ ವ್ಯಾಸ ಸುಮಾರು 774 ಮಿಲಿಮೀಟರ್ ಆಗುತ್ತದೆ. ಇದರ ಬದಲಿಗೆ 265/75 ಆರ್ 16 ಹಾಕಿದರೆ ವ್ಯಾಸ 804 ಮಿಲಿಮೀಟರಿಗೆ ಏರುತ್ತದೆಯಾದರೂ ಆಕ್ಸಲ್ ಮೇಲಕ್ಕೇರುವುದು ತ್ರಿಜ್ಯ ಹೆಚ್ಚಿದಷ್ಟೇ, ಅಂದರೆ 15 ಮಿಲಿಮೀಟರ್ ಮಾತ್ರ. ಅದಕ್ಕೆ ತೆರಬೇಕಾದ ಬೆಲೆ ಹಲವು ರೂಪಗಳದ್ದು: ಸ್ಪೀಡೋಮೀಟರ್ 100 ಎಂದು ತೋರಿಸುವಾಗ ವಾಹನದ ನಿಜವಾದ ವೇಗ ಸುಮಾರು 104 ಆಗಿರುತ್ತದೆ, ಎಂಜಿನ್ನಿನ ತಿರುಚುಬಲ ನೆಲವನ್ನು ತಳ್ಳುವ ಬಲ ಸುಮಾರು ಶೇ. 4ರಷ್ಟು ಕುಗ್ಗುತ್ತದೆ, ಬ್ರೇಕಿನ ಹಿಡಿತ ನೆಲದಲ್ಲಿ ಉಂಟುಮಾಡುವ ತಡೆಬಲವೂ ಅಷ್ಟೇ ಇಳಿಯುತ್ತದೆ.

ಇದಕ್ಕೆ ಹೋಲಿಸಿದರೆ ಗಾಳಿಯ ಒತ್ತಡವನ್ನು ಬದಲಿಸುವುದು ಖರ್ಚಿಲ್ಲದ, ಬೇಕೆಂದಾಗ ಹಿಂದಕ್ಕೆ ತರಬಹುದಾದ ಮಾರ್ಪಾಡು. ಟೈರು ನೆಲಕ್ಕೆ ತಗಲುವ ವಿಸ್ತಾರವು ಅದರ ಮೇಲಿನ ಭಾರವನ್ನು ಒಳಗಿನ ಒತ್ತಡದಿಂದ ಭಾಗಿಸಿದಷ್ಟು ಎಂದು ಸ್ಥೂಲವಾಗಿ ಹೇಳಬಹುದು. 450 ಕಿಲೋಗ್ರಾಂ ಹೊತ್ತ ಚಕ್ರವೊಂದು 30 ಪಿ.ಎಸ್.ಐ. ಒತ್ತಡದಲ್ಲಿ ಸುಮಾರು 210 ಚದರ ಸೆಂಟಿಮೀಟರ್ ನೆಲವನ್ನು ಒತ್ತುತ್ತಿದ್ದರೆ, 18 ಪಿ.ಎಸ್.ಐ.ಗೆ ಇಳಿಸಿದಾಗ ಅದು 350 ಚದರ ಸೆಂಟಿಮೀಟರಿಗೂ ಮೀರುತ್ತದೆ. ಭಾರ ಹೆಚ್ಚು ಜಾಗಕ್ಕೆ ಹಂಚಿಹೋಗುವುದರಿಂದ ಚಕ್ರವು ಮರಳಿನಲ್ಲಿ ಅಥವಾ ಮೆತ್ತನೆಯ ಮಣ್ಣಿನಲ್ಲಿ ಹೂತುಹೋಗುವುದು ತಪ್ಪುತ್ತದೆ. ಆದರೆ ಡಾಂಬರು ರಸ್ತೆಗೆ ಮರಳಿದ ಮೇಲೂ ಹಾಗೆಯೇ ಓಡಿಸಿದರೆ, ಪಾರ್ಶ್ವಗೋಡೆ ಪ್ರತಿ ಸುತ್ತಿಗೂ ಬಾಗಿ ನೆಟ್ಟಗಾಗುವಾಗ ರಬ್ಬರಿನಲ್ಲಿ ಕಳೆದುಹೋಗುವ ಶಕ್ತಿಯೆಲ್ಲ ಶಾಖವಾಗಿ, ಟೈರಿನ ಪದರಗಳೇ ಬಿಟ್ಟುಕೊಳ್ಳಬಹುದು. ಆದ್ದರಿಂದ ಒತ್ತಡ ಅಳೆಯುವ ಗೇಜು ಮತ್ತು ಗಾಳಿ ತುಂಬುವ ಚಿಕ್ಕ ಪಂಪು ವಾಹನದಲ್ಲಿ ಸದಾ ಇರಬೇಕಾದ ಸಾಧನಗಳು.

ಸ್ಪ್ರಿಂಗುಗಳನ್ನು ಬದಲಿಸಿ ವಾಹನದ ಮೈಯನ್ನೇ ಎತ್ತರಿಸುವ ಮಾರ್ಪಾಡು ಇನ್ನೂ ಸೂಕ್ಷ್ಮವಾದದ್ದು. ವಾಹನವು ಪಕ್ಕಕ್ಕೆ ಮಗುಚದೆ ನಿಲ್ಲುವ ಸಾಮರ್ಥ್ಯವು ಎಡಬಲ ಚಕ್ರಗಳ ನಡುವಿನ ಅಂತರದ ಅರ್ಧವನ್ನು ಗುರುತ್ವಕೇಂದ್ರದ ಎತ್ತರದಿಂದ ಭಾಗಿಸಿದಾಗ ದೊರೆಯುವ ಸಂಖ್ಯೆಯನ್ನು ಅವಲಂಬಿಸಿದೆ. ಆ ಅಂತರ 1520 ಮಿಲಿಮೀಟರ್, ಎತ್ತರ 700 ಮಿಲಿಮೀಟರ್ ಎಂದು ಭಾವಿಸಿದರೆ ಈ ಸಂಖ್ಯೆ 1.09 ಇರುತ್ತದೆ, ಗುರುತ್ವಕೇಂದ್ರ 50 ಮಿಲಿಮೀಟರ್ ಮೇಲೇರಿದಾಗ ಅದು 1.01ಕ್ಕೆ ಇಳಿಯುತ್ತದೆ. ಚಾಮುಂಡಿಬೆಟ್ಟದ ರಸ್ತೆಯಂತಹ ತಿರುವುಗಳಲ್ಲಿ ಈ ಇಳಿಕೆ ಲೆಕ್ಕಕ್ಕೆ ಬರುತ್ತದೆ. ಚಾವಣಿಯ ಮೇಲೆ ಸಾಮಾನು ಹೇರಿದರೂ ಪರಿಣಾಮ ಇದೇ. ಇದಲ್ಲದೆ ಎಂಜಿನ್ನಿನ ಕಡೆಯಿಂದ ಆಕ್ಸಲಿಗೆ ಶಕ್ತಿ ಒಯ್ಯುವ ಶಾಫ್ಟಿನ ಓರೆ ಹೆಚ್ಚಾಗಿ, ಅದರ ಕೀಲುಗಳು ಬೇಗ ಸವೆಯುತ್ತವೆ.

ನಿರ್ವಹಣೆಯ ವಿಷಯದಲ್ಲಿ ಮಳೆಗಾಲದ ತೊರೆಗಳು ಕಲಿಸುವ ಪಾಠ ಗಮನಾರ್ಹ. ತಿರುವಿನಲ್ಲಿ ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ಸುತ್ತಲು ಅನುವು ಮಾಡಿಕೊಡುವ ಗಿಯರುಗಳ ಪೆಟ್ಟಿಗೆಗೆ ಡಿಫರೆನ್ಷಿಯಲ್ ಎಂದು ಹೆಸರು. ಓಡಾಟದಿಂದ ಬಿಸಿಯಾದ ಈ ಪೆಟ್ಟಿಗೆ ತಣ್ಣೀರಿನಲ್ಲಿ ಮುಳುಗಿದಾಗ ಒಳಗಿನ ಗಾಳಿ ಹಠಾತ್ತನೆ ಕುಗ್ಗಿ ಒತ್ತಡ ಇಳಿಯುತ್ತದೆ. ಆ ಕೊರತೆಯನ್ನು ತುಂಬಲು ಉಸಿರುಕೊಳವೆಯ ಮೂಲಕ ಗಾಳಿ ಬರಬೇಕು, ಅದು ಕೆಸರಿನಿಂದ ಕಟ್ಟಿದ್ದರೆ ಅಥವಾ ನೀರಿನಲ್ಲೇ ಮುಳುಗಿದ್ದರೆ ಸೀಲುಗಳ ಸಂದಿನಿಂದಲೋ ಕೊಳವೆಯಿಂದಲೋ ನೀರೇ ಒಳಸೇರುತ್ತದೆ. ನೀರು ಬೆರೆತ ಗಿಯರ್ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ, ಲೋಹಗಳ ನಡುವಿನ ಎಣ್ಣೆಯ ಪೊರೆ ತೆಳುವಾಗಿ ಬೇರಿಂಗುಗಳಲ್ಲಿ ಗುಳಿ ಬೀಳುತ್ತದೆ. ಉಸಿರುಕೊಳವೆಗೆ ಉದ್ದದ ರಬ್ಬರ್ ನಳಿಕೆ ಜೋಡಿಸಿ ಅದರ ತುದಿಯನ್ನು ಎಂಜಿನ್ ಕೋಣೆಯ ಮೇಲ್ಭಾಗದಲ್ಲಿ ಕಟ್ಟುವುದು, ನೀರು ದಾಟಿ ಬಂದ ಮೇಲೆ ಎಣ್ಣೆಯನ್ನು ಪರೀಕ್ಷಿಸುವುದು, ಗ್ರೀಸ್ ನಿಪ್ಪಲ್‌ಗಳಿರುವ ಕಡೆ ಹಳೆಯ ಗ್ರೀಸು ಹೊರಬರುವವರೆಗೆ ಹೊಸದನ್ನು ತುಂಬುವುದು, ಬ್ರೇಕುಗಳಲ್ಲಿ ಸೇರಿದ ಕೆಸರನ್ನು ತೊಳೆಯುವುದು ಇವೆಲ್ಲ ಮನೆಯಲ್ಲೇ ಮಾಡಬಹುದಾದ ಕೆಲಸಗಳು.

ಮನೆಗೆಲಸಕ್ಕೆ ಕೆಲವು ಕಟ್ಟುಪಾಡುಗಳೂ ಇವೆ. ಹೈಡ್ರಾಲಿಕ್ ಜಾಕಿಯ ಒಂದು ಸೀಲು ಸೋರಿದರೂ ವಾಹನ ಕುಸಿಯುವುದರಿಂದ, ಸಮತಟ್ಟಾದ ಗಟ್ಟಿನೆಲದಲ್ಲಿ ಚಕ್ರಗಳಿಗೆ ಅಡ್ಡಗಟ್ಟೆ ಇಟ್ಟು, ಭಾರವನ್ನು ಜಾಕ್ ಸ್ಟ್ಯಾಂಡುಗಳ ಮೇಲೆ ಕೂರಿಸಿದ ನಂತರವೇ ಅಡಿಯಲ್ಲಿ ಕೆಲಸ ಮಾಡಬೇಕು. ತೆಗೆದ ಹಳೆಯ ಎಣ್ಣೆಯನ್ನು ಚರಂಡಿಗೆ ಸುರಿಯದೆ ಡಬ್ಬಿಯಲ್ಲಿ ಹಿಡಿದಿಟ್ಟು, ಅಧಿಕೃತವಾಗಿ ಮರುಸಂಸ್ಕರಿಸುವವರಿಗೆ ತಲುಪಿಸುವ ವರ್ಕ್‌ಶಾಪಿಗೆ ಕೊಡಬೇಕು.

ಮಾರ್ಪಾಡುಗಳಿಗೆ ಕಾನೂನಿನ ಮಿತಿಯೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಉತ್ಪಾದಕರು ಮೂಲತಃ ನಮೂದಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಬದಲಿಸುವುದನ್ನು ನಿರ್ಬಂಧಿಸುತ್ತದೆ, ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಹೀಗಾಗಿ ಮನೆಯಂಗಳದ ಹವ್ಯಾಸಿಗೆ ಗಾಳಿ, ಎಣ್ಣೆ, ಗ್ರೀಸು ಮತ್ತು ಸೀಲುಗಳ ಕ್ಷೇತ್ರ ಪೂರ್ತಿಯಾಗಿ ತೆರೆದಿದೆ. ಎತ್ತರ ಮತ್ತು ಅಳತೆಗಳನ್ನು ಬದಲಿಸುವ ಮುನ್ನ ಮಾತ್ರ ಉತ್ಪಾದಕರ ಕೈಪಿಡಿಯನ್ನೂ ಸಾರಿಗೆ ಕಚೇರಿಯ ನಿಯಮವನ್ನೂ ನೋಡಿಕೊಳ್ಳುವುದು ಅನಿವಾರ್ಯ.